‘ನಂಬರ್ ಒನ್’ ಬಿಡಿ, ನಿಮ್ಮ ಅಂಗಡಿಯ ಸುದ್ದಿ ಹೇಳಿ

ಜಾಹೀರಾತು ಬರೆಸಲು ಬರುವವರು ಮೊದಲ ಭೇಟಿಯಲ್ಲಿ ಆಡುವ ಮಾತು ಹೆಚ್ಚುಕಡಿಮೆ ಒಂದೇ. ‘ಮೇಡಂ, ಬೆಂಗಳೂರಿನ ನಂಬರ್ ಒನ್ ಅಂತ ಹಾಕಿಬಿಡಿ. ಉಳಿದದ್ದು ನಿಮಗೇ ಬಿಟ್ಟಿದ್ದು.’ ನಾಗರಬಾವಿಯ ಟ್ಯೂಷನ್ ಸೆಂಟರ್ ಆಗಲಿ, ಚಿಕ್ಕಪೇಟೆಯ ಸೀರೆ ಅಂಗಡಿ ಆಗಲಿ, ಎಚ್‌ಎಸ್‌ಆರ್ ಲೇಔಟಿನ ಸ್ಟಾರ್ಟ್‌ಅಪ್ ಆಗಲಿ, ಬೇಡಿಕೆ ಬದಲಾಗುವುದಿಲ್ಲ. ಸ್ಟಾರ್ಟ್‌ಅಪ್‌ನವರು ‘ಲೀಡಿಂಗ್’ ಅನ್ನುತ್ತಾರೆ, ಅಷ್ಟೆ. ಆದರೆ ಅವರು ನನಗೆ ಬಿಟ್ಟುಕೊಟ್ಟ ಆ ‘ಉಳಿದದ್ದು’ ನನ್ನ ಹತ್ತಿರ ಇರುವುದೇ ಇಲ್ಲ. ಅವರ ಹತ್ತಿರವೇ ಇರುತ್ತದೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಕೋಚಿಂಗ್ ಕೇಂದ್ರಗಳಿಗೆ 2024ರಲ್ಲಿ ಬೇರೆಯದೇ ಮಾರ್ಗಸೂಚಿ ಬಂತು, ‘ಶೇ. 100 ಆಯ್ಕೆ ಗ್ಯಾರಂಟಿ’ ಎಂಬಂಥ ಮಾತು ಈಗ ನಡೆಯುವುದಿಲ್ಲ. ತಿನ್ನುವ ಪದಾರ್ಥ ಮಾರುವವರು ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಿಕೊಳ್ಳುವುದಂತೂ ಬೇಡವೇ ಬೇಡ. ನಾನು ವಕೀಲಳಲ್ಲ, ಅನುಮಾನವಿದ್ದರೆ ವಕೀಲರನ್ನೇ ಕೇಳಿ. ‘ನಂಬರ್ ಒನ್’ ಎಂದು ಬರೆಯಲೇಬಾರದು ಎಂದೂ ನಾನು ಹೇಳುತ್ತಿಲ್ಲ. ಯಾವುದರಲ್ಲಿ ನಂಬರ್ ಒನ್, ಅಳೆದವರು ಯಾರು, ಯಾವ ವರ್ಷ ಎಂಬುದಕ್ಕೆ ದಾಖಲೆ ಕೊಡಿ, ಸಂತೋಷದಿಂದ ಬರೆಯುತ್ತೇನೆ.

ನನ್ನ ನಿಜವಾದ ತಕರಾರು ಬೇರೆ. ಆ ಮಾತಿನಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಒಂದು ಶೀರ್ಷಿಕೆಗೆ ಸಿಗುವುದು ಖಾಲಿ ಜಾಗವೂ ಸೇರಿ 30 ಅಕ್ಷರ, ವಿವರಣೆಗೆ 90. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ‘ಬೆಸ್ಟ್’, ‘ಟಾಪ್’ ಎಂದು ತುರುಕಿದರೆ ವಿಷಯಕ್ಕೆ ಎಡೆಯೆಲ್ಲಿ? ಮೇಲೆ ಕೆಳಗೆ ಇರುವವರೂ ‘ಬೆಸ್ಟ್’ ಎಂದೇ ಹೇಳಿಕೊಂಡಾಗ ಗಿರಾಕಿಗೆ ಉಳಿಯುವ ವ್ಯತ್ಯಾಸ ಬೆಲೆಯೊಂದೇ. ಆಮೇಲೆ ‘ಎಲ್ಲರೂ ಡಿಸ್ಕೌಂಟ್ ಕೇಳ್ತಾರೆ ಮೇಡಂ’ ಎಂದು ನೀವೇ ಬೇಸರಪಡುತ್ತೀರಿ.

ಕನಕಪುರ ರಸ್ತೆ ಕಡೆ ಮರದ ಗಾಣದ ಎಣ್ಣೆ ಮಾರುವ ಹಿರಿಯರೊಬ್ಬರಿದ್ದಾರೆ. ‘ನಂಬರ್ ಒನ್ ಶುದ್ಧ ಎಣ್ಣೆ’ ಎಂಬುದೇ ಬೇಕು ಎಂದು ಪಟ್ಟು ಹಿಡಿದಿದ್ದರು. ನಿಮ್ಮ ಅಂಗಡಿಯಲ್ಲಿ ಒಂದು ಮೂಲೆಯಲ್ಲಿ ಕೂತಿರುತ್ತೇನೆ, ವ್ಯಾಪಾರ ನಡೆಯಲಿ ಎಂದೆ. ಒಬ್ಬಾಕೆ ಕಡಲೆಕಾಯಿ ಎಣ್ಣೆಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ‘ಇದೇನಣ್ಣ, ತಳದಲ್ಲಿ ಮಡ್ಡಿ?’ ಎಂದು ಕೇಳಿದರು. ‘ನಾವು ರಿಫೈನ್ ಮಾಡಲ್ಲಮ್ಮ. ಕೂರಿಸ್ತೀವಿ, ತಿಳಿಯಾದ ಮೇಲೆ ಬಟ್ಟೇಲಿ ಸೋಸ್ತೀವಿ. ಒಂಚೂರು ಉಳಿದೇ ಉಳಿಯುತ್ತೆ.’ ಆಕೆ ಬಾಟಲಿ ಚೀಲಕ್ಕೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಅದನ್ನೇ ಕೇಳಿದರು, ಇವರು ಅದನ್ನೇ ಹೇಳಿದರು. ದಿನವಿಡೀ ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವರಿಗೆ ಸಾಕಾಗಿ ಹೋಗಿತ್ತು. ನಾನು ಹುಡುಕುತ್ತಿದ್ದ ಶೀರ್ಷಿಕೆ ಅವರ ಬಾಯಲ್ಲೇ ಇತ್ತು.

‘ತಳದಲ್ಲಿ ಮಡ್ಡಿ ಯಾಕಿದೆ ಅಂತ ಕೇಳಿ’ ಎಂದು ಬರೆದುಕೊಟ್ಟೆ, ಕೆಳಗೆ ಅವರದೇ ಉತ್ತರ. ಹಿರಿಯರು ಸುಲಭಕ್ಕೆ ಒಪ್ಪಲಿಲ್ಲ. ‘ನಮ್ಮ ಕೊರತೇನ ನಾವೇ ಬೋರ್ಡ್ ಹಾಕ್ಕೊಳ್ಳೋದೇನಮ್ಮ?’ ಎಂದರು. ಇದು ಕೊರತೆಯಲ್ಲ, ನೀವು ಮಾಡುವ ಕೆಲಸದ ಗುರುತು ಎಂದು ಮನವೊಲಿಸಲು ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬೋರ್ಡ್ ಹಾಕಿದ ಮೇಲೆ ವ್ಯಾಪಾರ ಏರಿತು, ಆದರೆ ಅದೆಲ್ಲ ನನ್ನ ನಾಲ್ಕು ಸಾಲಿನಿಂದ ಎನ್ನಲಾರೆ; ಹಬ್ಬದ ಸೀಸನ್ ಕೂಡ ಆಗಿತ್ತು. ಒಂದು ಬದಲಾವಣೆ ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಜನ ಅನುಮಾನದಿಂದ ಕೇಳುವುದು ನಿಂತು, ಗಾಣ ಯಾವತ್ತು ಆಡಿಸುತ್ತೀರಿ, ಬಂದು ನೋಡಬಹುದಾ ಎಂದು ಕೇಳತೊಡಗಿದರು.

ಇಂಥ ಸಂಗತಿ ಇಲ್ಲದ ಅಂಗಡಿಯನ್ನು ನಾನು ನೋಡಿಲ್ಲ. ಇಟ್ಟುಕೊಂಡವರಿಗೆ ಅದು ಕಾಣುವುದಿಲ್ಲ, ಏಕೆಂದರೆ ಅವರಿಗೆ ಅದು ದಿನನಿತ್ಯದ್ದು. ಟ್ಯೂಷನ್ ನಡೆಸುವ ಒಬ್ಬ ಮೇಷ್ಟ್ರು, ಮಗು ಕ್ಲಾಸಿಗೆ ಬಾರದಿದ್ದರೆ ಅವತ್ತೇ ಸಂಜೆ ತಾವೇ ಮನೆಗೆ ಫೋನ್ ಮಾಡುತ್ತಾರೆ. ಗಂಟೆಗಟ್ಟಲೆ ಮಾತಾಡಿದ ಮೇಲೆ, ಹೊರಡುವಾಗ, ಬೇರೇನನ್ನೋ ಹೇಳುತ್ತ ಇದನ್ನು ಹೇಳಿದರು. ‘ಅದರಲ್ಲೇನಿದೆ ಮೇಡಂ, ಮಾಡಲೇಬೇಕಲ್ಲ’ ಎಂದರು. ಔಟರ್ ರಿಂಗ್ ರೋಡಿನ ಆಫೀಸು ಮುಗಿಸಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಅಪ್ಪ ಅಮ್ಮನಿಗೆ ಅದಕ್ಕಿಂತ ದೊಡ್ಡ ಸಮಾಧಾನ ಯಾವುದಿದೆ? ಇಂಥವರ ಬಗ್ಗೆ ನನಗೆ ಸಿಟ್ಟೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ಒಳ್ಳೆಯದನ್ನು ಮಾಡುತ್ತಲೇ ಇರುತ್ತಾರೆ, ಹೇಳಿಕೊಳ್ಳಲು ಮಾತ್ರ ಯಾರದೋ ಸವಕಲು ಮಾತನ್ನು ಸಾಲ ತರುತ್ತಾರೆ.

‘ಅಂಗಡೀಲಿ ಕೂತಿದ್ದಕ್ಕೂ ದುಡ್ಡಾ?’ ಎಂದು ಕೇಳುವವರಿದ್ದಾರೆ. ಹೌದು. ಕೆಲಸದ ಬಹುಪಾಲು ಅದೇ. ಅದಕ್ಕಾಗಿಯೇ ಅರ್ಧ ಹಣ ಮುಂಗಡ ಪಡೆಯುತ್ತೇನೆ. ಭೇಟಿಗೆ ಮೊದಲು ನನಗೆ ಬೇಕಾಗುವುದು ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸಿದ ಪ್ರಶ್ನೆಗಳು, ಬಂದ ದೂರುಗಳು, ವಿಚಾರಿಸಿ ಕೊಳ್ಳದೆ ಹೋದವರು ಕೊಟ್ಟ ಕಾರಣಗಳು. ಹೆಸರು, ಫೋನ್ ನಂಬರ್ ಅಳಿಸಿ ಕಳಿಸಿ, ಅವು ನನಗೆ ಬೇಡ. ಬರೆಯಲು ಪುರುಸೊತ್ತಿಲ್ಲದಿದ್ದರೆ ವಾಯ್ಸ್ ಮೆಸೇಜ್ ಸಾಕು. ಅದನ್ನೂ ನೀವೇ ಮಾತಾಡಬೇಕೆಂದಿಲ್ಲ. ನಿಮ್ಮ ಅಂಗಡಿಗೆ ಬರುವ ಫೋನ್ ಎತ್ತುವವರು ಯಾರೋ, ಅವರ ಕೈಗೆ ಕೊಡಿ.