ಇವಿ ಕಾರು ಕೊಂಡವರು ಇನ್ನೊಮ್ಮೆ ಅದೇ ಕಾರು ಕೊಳ್ಳುತ್ತಾರಾ?

ಪ್ರಶ್ನೆ: ನಾನು ದಾವಣಗೆರೆಯವನು. ಸ್ವಂತ ಮನೆ, ಕಾರು ನಿಲ್ಲಿಸಲು ಜಾಗ ಇದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಟ, ತಿಂಗಳಿಗೆ ಒಂದೆರಡು ಸಲ ಬೆಂಗಳೂರು. ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳೋಣವೇ ಎಂದು ವರ್ಷದಿಂದ ಯೋಚಿಸುತ್ತಿದ್ದೇನೆ. ಶೋರೂಮಿನವರು ಏನು ಹೇಳುತ್ತಾರೆಂದು ಗೊತ್ತು. ಈಗಾಗಲೇ ಕೊಂಡು ಮೂರು ನಾಲ್ಕು ವರ್ಷ ಓಡಿಸಿದವರು ಮತ್ತೆ ಅದೇ ಗಾಡಿ ಕೊಳ್ಳುತ್ತಾರಾ? ಅದನ್ನು ಹೇಳಿ.

ಉತ್ತರ: ನಿಮ್ಮ ಮಾತಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸದಿದ್ದರೆ ಯಾರ ಮಾತು ನಂಬಬೇಕೋ ತಿಳಿಯುವುದಿಲ್ಲ. ಇವಿ ಓಡಿಸುವ ನಿಮ್ಮ ಪರಿಚಯದವರನ್ನು ‘ಮುಂದಿನದೂ ಇವಿನೇ ತಗೋತೀರಾ?’ ಎಂದು ಕೇಳಿ ನೋಡಿ. ಮನೆಯಲ್ಲೇ ಚಾರ್ಜ್ ಮಾಡುವವರಾದರೆ ಸಾಮಾನ್ಯವಾಗಿ ತಕ್ಷಣ ಹೌದು ಎನ್ನುತ್ತಾರೆ. ‘ಇದೇ ಕಾರು ತಗೋತೀರಾ?’ ಎಂದರೆ ಅವರೇ ‘ಇದೇನಾ... ಇಲ್ಲ ಬಿಡಿ’ ಎಂದು ಶುರುಮಾಡಿ ಹತ್ತು ನಿಮಿಷ ಮಾತಾಡುತ್ತಾರೆ. ಆ ಹತ್ತು ನಿಮಿಷದ ಮಾತೇ ಕೊಳ್ಳುವವರಿಗೆ ಹೆಚ್ಚು ಉಪಯೋಗದ್ದು.

ಸಮೀಕ್ಷೆಗಳು ಒಂದೊಂದೂ ಒಂದೊಂದು ಕಡೆ ಎಳೆಯುವುದೂ ಇದೇ ಕಾರಣಕ್ಕೆ. 2024ರಲ್ಲಿ ಮೆಕಿನ್ಸಿ ಸಂಸ್ಥೆ ಹಲವು ದೇಶಗಳಲ್ಲಿ ವಿಚಾರಿಸಿದಾಗ ಇವಿ ಮಾಲೀಕರಲ್ಲಿ ಶೇ 29ರಷ್ಟು ಮಂದಿ ಮತ್ತೆ ಪೆಟ್ರೋಲ್ ಅಥವಾ ಡೀಸೆಲ್‌ಗೆ ಮರಳಬಹುದು ಎಂದಿದ್ದರು. ಅಮೆರಿಕದಲ್ಲಿ ಅದು ಶೇ 46. ನಮ್ಮಲ್ಲಿ ಅದೇ ವರ್ಷ ಪಾರ್ಕ್ ಪ್ಲಸ್ ಆ್ಯಪ್‌ನವರು ದೆಹಲಿ ಸುತ್ತಮುತ್ತ, ಮುಂಬೈ ಮತ್ತು ಬೆಂಗಳೂರಿನ 500 ಮಾಲೀಕರನ್ನು ಕೇಳಿದಾಗ ಅರ್ಧಕ್ಕಿಂತ ತುಸು ಹೆಚ್ಚು ಜನ, ಶೇ 51, ವಾಪಸ್ ಹೋಗುತ್ತೇವೆ ಎಂದರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಈ ಅಂಕಿಯೇ. ಆದರೆ ಆ ವರ್ಷದ ಕೊನೆಯಲ್ಲೇ ಇವಿ ಚಾಲಕರ ಸಂಘಗಳ ಒಕ್ಕೂಟವಾದ ಗ್ಲೋಬಲ್ ಇವಿ ಅಲಯನ್ಸ್ 18 ದೇಶಗಳ 23 ಸಾವಿರಕ್ಕೂ ಹೆಚ್ಚು ಚಾಲಕರ ಉತ್ತರ ಪ್ರಕಟಿಸಿತು. ಶೇ 92ರಷ್ಟು ಮಂದಿ ಮತ್ತೆ ಇವಿನೇ ಎಂದಿದ್ದರು. ಪೆಟ್ರೋಲ್, ಡೀಸೆಲ್‌ಗೆ ಮರಳುವವರು ಶೇ 1 ಮಾತ್ರ.

ಯಾರೂ ಸುಳ್ಳು ಹೇಳುತ್ತಿಲ್ಲ, ಪ್ರಶ್ನೆ ಕೇಳಿದ್ದು ಬೇರೆ ಬೇರೆ ಜನರನ್ನು. ಇವಿ ಸಂಘ ಕಟ್ಟಿಕೊಂಡು ಸದಸ್ಯರಾದವರಿಗೆ ಆ ಕಾರಿನ ಮೇಲೆ ಮೊದಲೇ ಪ್ರೀತಿ ಇರುತ್ತದೆ. ಮಹಾನಗರದ ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟಿಗಾಗಿ ಅಸೋಸಿಯೇಷನ್ ಜೊತೆ ಗುದ್ದಾಡಿ ಸುಸ್ತಾದವರ ಮನಸ್ಸು ಬೇರೆ.

ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ. ಅದು ‘ಏನು ಮಾಡುತ್ತೀರಿ’ ಎಂದು ಕೇಳಿದ್ದಲ್ಲ, ಜನ ನಿಜವಾಗಿ ಏನು ಮಾಡಿದರೆಂದು ನೋಡಿದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸ್ಕಾಟ್ ಹಾರ್ಡ್‌ಮನ್ ಮತ್ತು ಗಿಲ್ ಟಾಲ್ 2021ರಲ್ಲಿ ‘ನೇಚರ್ ಎನರ್ಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪೂರ್ತಿ ಬ್ಯಾಟರಿ ಕಾರು ಕೊಂಡಿದ್ದವರಲ್ಲಿ ಶೇ 18ರಷ್ಟು ಮಂದಿ ಇವಿ ಬಿಟ್ಟು ಹೋಗಿದ್ದರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಬಿಟ್ಟವರಲ್ಲಿ ಎದ್ದು ಕಂಡ ಒಂದು ಕಾರಣವೆಂದರೆ ಚಾರ್ಜಿಂಗ್ ರಗಳೆ, ಅದರಲ್ಲೂ ಮನೆಯಲ್ಲಿ 240 ವೋಲ್ಟಿನ ಪಾಯಿಂಟ್ ಇಲ್ಲದಿರುವುದು. ಅಲ್ಲಿ ಮನೆಯ ಸಾಮಾನ್ಯ ಸಾಕೆಟ್ 120 ವೋಲ್ಟಿನದು, ರಾತ್ರಿಯಿಡೀ ಹಾಕಿಟ್ಟರೂ ಕಾರು ಅರೆಹೊಟ್ಟೆಯಲ್ಲೇ ಏಳುತ್ತದೆ. ನಮ್ಮ ಮನೆಗೆ ಬರುವುದೇ 230 ವೋಲ್ಟ್. ಗೀಸರಿಗೆ ಹಾಕುವಂಥ 15 ಆಂಪಿಯರ್ ಸಾಕೆಟ್ ಒಂದಿದ್ದರೆ ಗಂಟೆಗೆ 3 ಯೂನಿಟ್‌ವರೆಗೆ ತುಂಬಿಕೊಳ್ಳಬಹುದು. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸುವ ನಿಮಗೆ ರಾತ್ರಿ ಎರಡೂವರೆ ಗಂಟೆ ಸಾಕು.

ಸಾಕೆಟ್ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಭಾವ ತುಮಕೂರಿನಲ್ಲಿದ್ದಾರೆ, 2021ರಲ್ಲಿ ಇವಿ ಕೊಂಡರು. ಮೊದಲ ಬೇಸಿಗೆಯ ಒಂದು ರಾತ್ರಿ ಚಾರ್ಜರಿನ ಹಸಿರು ದೀಪ ಆರಿ ಕೆಂಪು ಹತ್ತಿಕೊಂಡಿತು. ಪ್ಲಗ್ ತೆಗೆದು ಹಾಕಿದರು, ಮೇನ್ ಆಫ್ ಮಾಡಿ ಆನ್ ಮಾಡಿದರು, ಏನೂ ಆಗಲಿಲ್ಲ. ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ಮೀಟರ್ ಹಿಡಿದ, ಇರಬಾರದಷ್ಟು ಹೆಚ್ಚು, ಹನ್ನೊಂದು ವೋಲ್ಟ್ ತೋರಿಸಿತು. ಸೀದಾ ಕಾಂಪೌಂಡಿನ ಮೂಲೆಗೆ ಹೋಗಿ ತೆಂಗಿನ ಗರಿ ಸರಿಸಿದ. ಅರ್ತಿಂಗ್ ಗುಂಡಿಯ ಮಣ್ಣು ಒಣಗಿ ಬಿರುಕುಬಿಟ್ಟಿತ್ತು, ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು. ಅಕ್ಕ ಎರಡು ಬಕೆಟ್ ನೀರು ತಂದು ಸುರಿದಳು. ಅರ್ಧ ಗಂಟೆ ಬಿಟ್ಟು ಪ್ಲಗ್ ಹಾಕಿದರೆ ಹಸಿರು ದೀಪ ಬಂತು. ಆ ವಾರವೇ ಹೊಸ ಗುಂಡಿ ತೋಡಿಸಿ ಉಪ್ಪು, ಇದ್ದಿಲು ಹಾಕಿಸಿದರು. ಫ್ರಿಜ್ಜು, ಟಿವಿಗಳು ವರ್ಷಗಟ್ಟಲೆ ಸಹಿಸಿಕೊಂಡು ನಡೆಯುವ ಅರ್ತಿಂಗನ್ನು ಕಾರಿನ ಚಾರ್ಜರ್ ಒಂದು ರಾತ್ರಿಯೂ ಸಹಿಸುವುದಿಲ್ಲ. ನಿಮ್ಮ ಸುರಕ್ಷತೆಗಾಗಿಯೇ ಹಾಗೆ ಮಾಡಿರುತ್ತಾರೆ. ಹಳೆಯ ಸಾಕೆಟ್ ಇದ್ದರೆ ಅದನ್ನೂ ಬದಲಾಯಿಸಿ, ವೈರ್ ದಪ್ಪದ್ದು ಎಳೆಸಿ. ಗಂಟೆಗಟ್ಟಲೆ 13–14 ಆಂಪಿಯರ್ ಹರಿದರೆ ಸಡಿಲ ಸಾಕೆಟ್ ಕಂದುಬಣ್ಣಕ್ಕೆ ತಿರುಗಿ ಕರಟಿದ ವಾಸನೆ ಬರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಮಧ್ಯಮ ಗಾತ್ರದ ಇವಿ ನಮ್ಮ ರಸ್ತೆಗಳಲ್ಲಿ ಯೂನಿಟ್‌ಗೆ ಆರರಿಂದ ಏಳು ಕಿಲೋಮೀಟರ್ ಕೊಡುತ್ತದೆ. ವರ್ಷಕ್ಕೆ 15 ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ, ಚಾರ್ಜ್ ಆಗುವಾಗ ಸೋರಿಹೋಗುವುದೂ ಸೇರಿ ಸುಮಾರು 2,500 ಯೂನಿಟ್. ಮನೆಯ ಕರೆಂಟು ಯೂನಿಟ್‌ಗೆ ಆರು ರೂಪಾಯಿ ಚಿಲ್ಲರೆ ಅಂದರೂ 16 ಸಾವಿರದ ಆಸುಪಾಸು. ಅಷ್ಟೇ ದೂರಕ್ಕೆ ಲೀಟರಿಗೆ 14 ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ ನೂರು ರೂಪಾಯಿ ಹಿಡಿದರೂ ಒಂದು ಲಕ್ಷ ದಾಟುತ್ತದೆ. ಇದೇ ಇವಿಯನ್ನು ಪೂರ್ತಿ ಹೊರಗಿನ ಫಾಸ್ಟ್ ಚಾರ್ಜರಿನಲ್ಲೇ, ಯೂನಿಟ್‌ಗೆ ಇಪ್ಪತ್ತು ಇಪ್ಪತ್ತೈದು ಕೊಟ್ಟು ತುಂಬಿಸಿದರೆ 50 ಸಾವಿರ ಮೀರುತ್ತದೆ. ಆಗಲೂ ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಕೊಳ್ಳುವಾಗ ಹೆಚ್ಚು ಕೊಟ್ಟ ಮೂರು ನಾಲ್ಕು ಲಕ್ಷ ವಾಪಸ್ ಬರಲು ಎರಡು ಪಟ್ಟು ಕಾಲ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ, ಇವಿಗೆ ಮೊದಲಿನಂತೆ ಶೇ 5. ಅಂದರೆ ಎರಡರ ತೆರಿಗೆಯ ಅಂತರ ಕಡಿಮೆಯಾಗಿದೆ. ಹಳೆಯ ಲೆಕ್ಕ ನೋಡಿ ತೀರ್ಮಾನಿಸಬೇಡಿ.

ಅಕ್ಕನಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ. ಕ್ಲಚ್ ತುಳಿದು ತುಳಿದು ಎಡಮೊಣಕಾಲು ನೋವು ಬಂದಿತ್ತು, ಇವಿ ಬಂದ ಮೇಲೆ ಹೋಯಿತು ಎನ್ನುತ್ತಾಳೆ. ಮನೆಯಲ್ಲಿರುವ ಹಳೆಯ ಡೀಸೆಲ್ ಕಾರಿನ ಕೀ ಕೊಟ್ಟರೆ ಮುಟ್ಟುವುದಿಲ್ಲ. ಗೇರಿಲ್ಲ, ಸದ್ದಿಲ್ಲ, ಸಿಗ್ನಲ್ಲಿನಲ್ಲಿ ನಡುಗುವುದಿಲ್ಲ. ಒಮ್ಮೆ ಇದಕ್ಕೆ ಒಗ್ಗಿದ ಕಾಲು ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ.

ಹಾಗಿದ್ದೂ ಭಾವ ಅದೇ ಕಾರನ್ನು ಇನ್ನೊಮ್ಮೆ ಕೊಳ್ಳುವುದಿಲ್ಲ. ಕಾರಣ ಕೇಳಿ. ಅಕ್ಕನ ಮೊಮ್ಮಗಳ ನಾಮಕರಣಕ್ಕೆಂದು ಎಲ್ಲರೂ ರೇಷ್ಮೆ ಸೀರೆ, ಪಂಚೆ ಉಟ್ಟು ಹೊರಟು ನಿಂತಿದ್ದರು. ಕಾರಿನ ಬಾಗಿಲೇ ತೆರೆಯಲಿಲ್ಲ. ರಾತ್ರಿ ನೋಡಿದಾಗ ದೊಡ್ಡ ಬ್ಯಾಟರಿಯಲ್ಲಿ ಶೇ 70 ಚಾರ್ಜ್ ಇತ್ತು. ಸತ್ತಿದ್ದು ಬಾನೆಟ್ಟಿನ ಕೆಳಗಿರುವ ಚಿಕ್ಕ 12 ವೋಲ್ಟಿನ ಬ್ಯಾಟರಿ. ಪೆಟ್ರೋಲ್ ಕಾರಿನಲ್ಲಿರುವಂಥದ್ದೇ ಅದು. ದೊಡ್ಡ ಬ್ಯಾಟರಿಯನ್ನು ಎಬ್ಬಿಸುವ ಕೆಲಸ ಅದರದು, ಅದು ಮಲಗಿದರೆ ಇಡೀ ಕಾರು ಮಲಗಿದಂತೆ. ಕೆಲವು ಸಾವಿರದ ಸಾಮಾನು. ಆದರೆ ಸರ್ವೀಸ್ ಸೆಂಟರಿನಲ್ಲಿ ಇವಿ ಬಿಚ್ಚಲು ತರಬೇತಿ ಪಡೆದಿದ್ದವನು ಒಬ್ಬನೇ, ಅವನು ರಜೆಯಲ್ಲಿದ್ದ. ಕಾರು ಒಂಬತ್ತು ದಿನ ಅಲ್ಲೇ ನಿಂತಿತು. ‘ಕರೆಂಟ್ ಕಾರು ಬೇಡ ಅಂತಲ್ಲ, ಇವರ ಹತ್ತಿರ ಬೇಡ’ ಎಂದು ಭಾವ ಅವತ್ತೇ ಹೇಳಿದರು. ಈಗಲೂ ಅದೇ ಮಾತು.

ಇಂಥ ಸರ್ವೀಸ್ ಬೇಸರ ಒಂದಾದರೆ, ಗಾಡಿಗಳೇ ಬೇಗ ಹಳತಾಗಿದ್ದು ಇನ್ನೊಂದು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂದಾಗ ಅದರ ಬ್ಯಾಟರಿ 30.2 ಯೂನಿಟ್‌ನದು (ಕಂಪನಿಯವರು ಯೂನಿಟ್ ಬದಲು kWh ಎಂದು ಬರೆಯುತ್ತಾರೆ). ಸರ್ಟಿಫಿಕೇಟಿನಲ್ಲಿ 312 ಕಿಲೋಮೀಟರ್, ರಸ್ತೆಯಲ್ಲಿ ಇನ್ನೂರರ ಆಚೀಚೆ. ಫಾಸ್ಟ್ ಚಾರ್ಜರಿನಲ್ಲೂ ಶೇ 80 ತುಂಬಲು ಒಂದು ಗಂಟೆ. 2024ರಲ್ಲಿ ಅದೇ ಹೆಸರಿನ ಕಾರು 45 ಯೂನಿಟ್ ಬ್ಯಾಟರಿಯಲ್ಲಿ ಬಂತು. ದಿನಬಳಕೆಯಲ್ಲಿ 350ರಿಂದ 370 ಸಿಗುತ್ತದೆಂದು ಕಂಪನಿಯೇ ಹೇಳುತ್ತದೆ, ಚಾರ್ಜೂ ಬೇಗ. ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರಲು ಹಳೆಯದಕ್ಕೆ ನಡುವೆ ಒಮ್ಮೆ ಚಾರ್ಜ್ ಹಾಕಲೇಬೇಕು, ಹೊಸದರಲ್ಲಿ ಹದವಾಗಿ ಓಡಿಸಿದರೆ ಹೋಗಿ ಬಂದುಬಿಡಬಹುದು. 2020ರಲ್ಲಿ ಕೊಂಡವರು ‘ಅದೇ ಕಾರು ಬೇಡ’ ಎನ್ನುವುದು ಬೈಗುಳವಲ್ಲ. ನಾಲ್ಕು ವರ್ಷ ಹಳೆಯ ಮೊಬೈಲ್ ಫೋನನ್ನೇ ಇವತ್ತು ಹೊಸದಾಗಿ ಕೊಳ್ಳಿ ಎಂದರೆ ಯಾರು ಕೊಳ್ಳುತ್ತಾರೆ?

ನಿಜವಾಗಿ ಹೊಟ್ಟೆ ಉರಿದದ್ದು ಬೆಲೆ ಇಳಿದಾಗ. 2024ರ ಫೆಬ್ರವರಿಯಲ್ಲಿ ನೆಕ್ಸಾನ್ ಇವಿ ಬೆಲೆ 1.2 ಲಕ್ಷದವರೆಗೆ, ಟಿಯಾಗೊ ಇವಿಯದು 70 ಸಾವಿರದವರೆಗೆ ಇಳಿಯಿತು. ಆ ವರ್ಷದ ಹಬ್ಬದ ಹೊತ್ತಿಗೆ ನೆಕ್ಸಾನ್ ಮೇಲೆ 3 ಲಕ್ಷದವರೆಗೆ ಕಡಿತ. ಹೊಸದೇ ಅಷ್ಟು ಇಳಿದರೆ ಎರಡು ವರ್ಷ ಓಡಿದ್ದನ್ನು ಯಾರು ಒಳ್ಳೆಯ ರೇಟಿಗೆ ಕೇಳುತ್ತಾರೆ? ಕಾರನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುವ ಅಭ್ಯಾಸ ಇರುವವರಿಗೆ ನಾನು ಇವತ್ತಿಗೂ ಇವಿ ಶಿಫಾರಸು ಮಾಡುವುದಿಲ್ಲ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಮಾತ್ರ ಇದು ಒಗ್ಗುವ ಸರಕು. ಮಾರುವ ಚಿಂತೆಯೇ ದೊಡ್ಡದಾದರೆ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರಿನಲ್ಲಿ 9.99 ಲಕ್ಷಕ್ಕೆ ಬಂದದ್ದು ಹಾಗೆಯೇ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬೇರೆ. ಮೇಲಿನ ಉಳಿತಾಯದ ಲೆಕ್ಕ ಮಾಡಿದವರು ಈ ಮೂರೂವರೆಯನ್ನೂ ಸೇರಿಸಿ ನೋಡಬೇಕು. 15 ಸಾವಿರ ಕಿಲೋಮೀಟರಿಗೆ ಅದೇ 52,500 ಆಗುತ್ತದೆ.

ಬ್ಯಾಟರಿ ಸತ್ತುಹೋಗುತ್ತದೆ ಎಂಬ ಭಯದ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಭಯಕ್ಕೆ ಕರ್ನಾಟಕದಲ್ಲಿ ಹಳೆಯ ಬೇರಿದೆ. ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲೇ ಬೆಂಗಳೂರಿನ ರಸ್ತೆಗೆ ಬಂದಿತ್ತು, ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು. ಅದರಲ್ಲಿದ್ದದ್ದು ಸೀಸದ ಬ್ಯಾಟರಿ, ಕೆಲವೇ ವರ್ಷಕ್ಕೆ ಪೂರ್ತಿ ಬದಲಾಯಿಸಬೇಕಿತ್ತು. ಈಗ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಇವಿಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಸಾವಿರಾರು ಸಲ ಚಾರ್ಜ್ ಮಾಡಬಹುದು. ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಸಾಮಾನ್ಯ, ಕೆಲವು ಹೊಸ ಕಾರುಗಳಿಗೆ ಅದಕ್ಕೂ ಹೆಚ್ಚು. ಆ ವಾರಂಟಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಹೋಗುತ್ತದೋ, ಬರೀ ಮೊದಲ ಮಾಲೀಕರಿಗೋ ಎಂಬುದನ್ನು ಬರೆದದ್ದು ಓದಿ ನೋಡಿ. ಮಾರುವಾಗಿನ ಬೆಲೆ ಅದರ ಮೇಲೆ ನಿಂತಿರುತ್ತದೆ.

ಇನ್ನು ನಿಮ್ಮ ವಿಷಯ. ದಾವಣಗೆರೆಯ ದಿನದ ಓಡಾಟಕ್ಕೆ ಯಾವ ಇವಿಯಾದರೂ ಸಾಕು, ಸ್ವಂತ ಮನೆ ಇರುವುದರಿಂದ ಮುಕ್ಕಾಲು ಪಾಲು ಗೆದ್ದಂತೆ. ಉಳಿದ ಕಾಲು ಪಾಲು ಬೆಂಗಳೂರು. ಹೆದ್ದಾರಿಯಲ್ಲಿ 260 ಕಿಲೋಮೀಟರ್. ನೂರರ ವೇಗದಲ್ಲಿ ಓಡಿಸಿದರೆ ಯಾವ ಇವಿಯ ರೇಂಜೂ ಊರೊಳಗಿನಷ್ಟು ಬರುವುದಿಲ್ಲ, ಹಾಗಾಗಿ 24–30 ಯೂನಿಟ್ ಬ್ಯಾಟರಿಯ ಕಾರು ನಿಮಗೆ ಬೇಡ. 45ರ ಮೇಲಿನದು ನೋಡಿ. ಸಿರಾ ಅಥವಾ ತುಮಕೂರಿನ ಹತ್ತಿರ ಫಾಸ್ಟ್ ಚಾರ್ಜರಿಗೆ ಹಾಕಿದರೆ ಇಡ್ಲಿ, ಕಾಫಿ ಮುಗಿಸುವಷ್ಟರಲ್ಲಿ ಬೇಕಾದಷ್ಟು ತುಂಬಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿ ಸಾಕೆಟ್ ಇದೆಯೇ ಎಂದು ಈಗಲೇ ಫೋನು ಮಾಡಿ ಕೇಳಿ. ಇದ್ದರೆ ವಾಪಸ್ ಬರುವ ಚಿಂತೆ ಇರುವುದಿಲ್ಲ.

ಬುಕ್ ಮಾಡುವ ಮೊದಲು ದಾವಣಗೆರೆಯ ಸರ್ವೀಸ್ ಸೆಂಟರಿಗೆ ಹೋಗಿ, ಶೋರೂಮಿಗಲ್ಲ. ಇವಿ ನೋಡುವವರು ಎಷ್ಟು ಜನ ಇದ್ದಾರೆ, ರಿಪೇರಿಗೆ ಬಂದ ಇವಿಗಳು ಎಷ್ಟು ದಿನದಿಂದ ನಿಂತಿವೆ ಎಂದು ಕೇಳಿ. ಗಾಡಿ ಬಿಡಿಸಿಕೊಳ್ಳಲು ಬಂದ ಮಾಲೀಕರು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಾರೆ. ನನಗೆ ಕೇಳಿದ ಪ್ರಶ್ನೆಯನ್ನು ಎರಡಾಗಿ ಒಡೆದು ಅವರಿಗೂ ಕೇಳಿ. ಮನೆಗೆ ಬಂದು ಎಲೆಕ್ಟ್ರಿಷಿಯನ್ ಕರೆಸಿ, ಅರ್ತಿಂಗ್ ಗುಂಡಿ ನೋಡಿಸಿ.