ಹಳೆಯ ಅಂಬಾಸಿಡರಿಗೆ ಯಾವ ಪೆಟ್ರೋಲ್? ಮತ್ತೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1978ರ ಪೆಟ್ರೋಲ್ ಅಂಬಾಸಿಡರ್ ಇನ್ನೂ ಮನೆಯಲ್ಲಿದೆ. ಭಾನುವಾರಗಳಲ್ಲಿ ಹೊರಗೆ ತೆಗೆಯುತ್ತೇವೆ, ವರ್ಷಕ್ಕೆರಡು ಬಾರಿ ಹಂಪಿಗೆ ಹೋಗಿಬರುತ್ತೇವೆ. ಬಳ್ಳಾರಿಯ ಬಿಸಿಲಿಗೆ ಸಾದಾ ಪೆಟ್ರೋಲ್ ಸಾಲದು, ಪವರ್ ಪೆಟ್ರೋಲ್ ಹಾಕಿಸಿ, ಈಗಿನ ಪೆಟ್ರೋಲ್‌ನಲ್ಲಿ ಸೀಸ ಇಲ್ಲದ್ದರಿಂದ ಟ್ಯಾಂಕಿಗೆ ಹಳೆಯ ಸ್ಕೂಟರುಗಳಿಗೆ ಹಾಕುವ 2ಟಿ ಆಯಿಲ್ ಒಂದಿಷ್ಟು ಬೆರೆಸಿ ಎಂದು ಎಲ್ಲರೂ ಹೇಳುತ್ತಾರೆ. ಏನು ಮಾಡಲಿ ಸರ್?

ಉತ್ತರ: ಸಾದಾ ಪೆಟ್ರೋಲ್ ಹಾಕಿಸಿ. ಏನನ್ನೂ ಬೆರೆಸಬೇಡಿ. ಉಳಿಯುವ ಹಣದಲ್ಲಿ ಪೆಟ್ರೋಲ್ ಪೈಪುಗಳನ್ನು ಬದಲಾಯಿಸಿ. ಈ ಮೂರು ವಾಕ್ಯಗಳನ್ನು ನಾನು ಎಷ್ಟು ಜನರಿಗೆ ಬರೆದಿದ್ದೇನೆಂಬ ಲೆಕ್ಕ ತಪ್ಪಿಹೋಗಿದೆ. ಬರೆದ ವಾರದೊಳಗೆ ಅದೇ ವ್ಯಕ್ತಿ ಮತ್ತೆ ಫೋನ್ ಮಾಡಿ, "ಅದು ಸರಿ ಸರ್, ಆದರೂ ಪವರ್ ಪೆಟ್ರೋಲ್ ಹಾಕಿದರೆ ಪಿಕಪ್ ಜಾಸ್ತಿ ಬರುತ್ತದಲ್ಲವೇ?" ಎಂದು ಕೇಳುತ್ತಾರೆ. ಆದ್ದರಿಂದ ಈ ಸಲ ಪಿಕಪ್ಪಿನ ವಿಷಯವನ್ನೇ ಮೊದಲು ಮುಗಿಸುತ್ತೇನೆ.

ಪವರ್ ಪೆಟ್ರೋಲ್ ಎಂದು ಹೆಚ್ಚು ದುಡ್ಡು ಕೊಟ್ಟು ನೀವು ಕೊಳ್ಳುವುದು ಹೆಚ್ಚಿನ ಆಕ್ಟೇನನ್ನು. ಆದರೆ ಆಕ್ಟೇನ್ ಎಂಬುದು ಪೆಟ್ರೋಲ್‌ನ ಶಕ್ತಿಯ ಅಳತೆಯಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತಿದಾಗ ಅದು ಬಿಸಿಯಾಗುತ್ತದೆ; ಪ್ಲಗ್ ಕಿಡಿ ಹಚ್ಚಿದ ಮೇಲೆ ಉರಿಯುವ ಬೆಂಕಿ ಸಾಲಾಗಿ ಹರಡಬೇಕು, ಮೂಲೆಯಲ್ಲಿ ಉಳಿದ ಮಿಶ್ರಣ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳಬಾರದು. ಹಾಗೆ ಹೊತ್ತಿಕೊಂಡಾಗ ಬರುವ ಕಟಕಟ ಸದ್ದನ್ನೇ ನಾವು ನಾಕಿಂಗ್ ಎನ್ನುತ್ತೇವೆ. ಆ ಒತ್ತಡವನ್ನು ಪೆಟ್ರೋಲ್ ಎಷ್ಟರವರೆಗೆ ತಡೆದುಕೊಳ್ಳುತ್ತದೆ ಎಂಬುದೇ ಆಕ್ಟೇನ್ ಸಂಖ್ಯೆ. 91 ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಅದು 91 ಪಾಲು ಐಸೊ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಸೇರಿಸಿದ ಮಿಶ್ರಣದಷ್ಟೇ ತಡೆಯಿತು ಎಂದರ್ಥ. ಅದರಲ್ಲಿ ತಾಕತ್ತಿನ ಮಾತೇ ಇಲ್ಲ, ಇರುವುದು ತಾಳ್ಮೆಯ ಮಾತು.

ಈಗ ನಿಮ್ಮ ಎಂಜಿನ್ನನ್ನು ನೋಡೋಣ. ಅದು 1489 ಸಿಸಿಯದು, ಬ್ರಿಟಿಷ್ ಮಾರಿಸ್ ಕಾರಿನಿಂದ ಬಂದದ್ದು. ಅದರ ಕಂಪ್ರೆಶನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ, ಎಂಟಕ್ಕೆ ಒಂದರ ಒಳಗಿನದು, ಈಗಿನ ಕಾರುಗಳದ್ದು ಹತ್ತನ್ನೂ ಮೀರುತ್ತದೆ. ಅಷ್ಟು ಕಡಿಮೆ ಒತ್ತುವ ಎಂಜಿನ್ನಿಗೆ ಹೆಚ್ಚು ತಾಳ್ಮೆಯ ಪೆಟ್ರೋಲ್ ಕೊಟ್ಟರೆ ಆ ತಾಳ್ಮೆ ಬಳಕೆಯೇ ಆಗದೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಹೊಸ ಕಾರುಗಳಲ್ಲಿ ನಾಕಿಂಗನ್ನು ಕೇಳಿಸಿಕೊಳ್ಳುವ ಸೆನ್ಸರ್ ಇರುತ್ತದೆ. ಅಂಥವುಗಳಲ್ಲಿ ಕೆಲವು, ಪೆಟ್ರೋಲ್ ಒಳ್ಳೆಯದಿದ್ದರೆ ಕಂಪ್ಯೂಟರಿನ ಮೂಲಕ ಟೈಮಿಂಗನ್ನು, ಅಂದರೆ ಕಿಡಿ ಹಚ್ಚುವ ಗಳಿಗೆಯನ್ನು, ತಾವೇ ಮುಂದಕ್ಕೆ ತಂದುಕೊಂಡು ಸ್ವಲ್ಪ ಶಕ್ತಿ ಗಳಿಸುತ್ತವೆ. ನಿಮ್ಮ ಕಾರಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಇರುವುದು ಎರಡು ಕಬ್ಬಿಣದ ತೂಕ ಮತ್ತು ಎರಡು ಸ್ಪ್ರಿಂಗ್. ಟ್ಯಾಂಕಿನಲ್ಲಿ ಏನಿದೆ ಎಂದು ಅವಕ್ಕೆ ತಿಳಿಸುವವರು ಯಾರೂ ಇಲ್ಲ.

ಇನ್ನೊಂದು ಸಂಗತಿ ಇದೆ, ಇದನ್ನು ಕೇಳಿದ ಮೇಲೂ ವಾದ ಮಾಡುವವರನ್ನು ನಾನು ಬಿಟ್ಟುಬಿಡುತ್ತೇನೆ. ಈಗ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲ್‌ನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಎಂಬ ಮದ್ಯಸಾರ ಇರುತ್ತದೆ, ಎಥನಾಲ್‌ನ ಆಕ್ಟೇನ್ ಸಂಖ್ಯೆ ನೂರನ್ನೂ ಮೀರಿದ್ದು. ಅಂದರೆ ನಿಮ್ಮ ತಂದೆಯವರು 1978ರಲ್ಲಿ ಹಾಕಿಸುತ್ತಿದ್ದ ಪೆಟ್ರೋಲ್‌ಗಿಂತ ಇಂದಿನ ಅತ್ಯಂತ ಅಗ್ಗದ ಪೆಟ್ರೋಲ್‌ನ ಆಕ್ಟೇನೇ ಹೆಚ್ಚು. ಅದರ ಮೇಲೂ ಹೆಚ್ಚಿನ ದುಡ್ಡು ಕೊಟ್ಟು ಇನ್ನಷ್ಟು ಆಕ್ಟೇನ್ ಕೊಳ್ಳುವುದು, ಹೊಟ್ಟೆ ತುಂಬಿದವನಿಗೆ ಮತ್ತೊಂದು ರೊಟ್ಟಿ ಬಡಿಸಿದಂತೆ.

"ಆದರೆ ನನಗೆ ವ್ಯತ್ಯಾಸ ಗೊತ್ತಾಯಿತು" ಎಂದು ಕೊಪ್ಪಳದ ಕಡೆಯವರೊಬ್ಬರು ಪಟ್ಟು ಹಿಡಿದಿದ್ದರು. ಆ ದಿನ ಬೇರೇನಾದರೂ ಕೆಲಸ ಮಾಡಿಸಿದ್ದಿರಾ ಎಂದು ಕೇಳಿದೆ. ಪ್ಲಗ್ ಬದಲಾಯಿಸಿ, ಪಾಯಿಂಟ್ ಗ್ಯಾಪ್ ಹೊಂದಿಸಿ, ಟ್ಯಾಪೆಟ್ (ವಾಲ್ವುಗಳ ಮೇಲಿನ ಗ್ಯಾಪ್) ಹೊಂದಿಸಿ, ಅಲ್ಲಿಂದ ನೇರವಾಗಿ ಬಂಕಿಗೆ ಹೋಗಿದ್ದರಂತೆ. ಗ್ಯಾರೇಜಿನ ಪುಣ್ಯವೆಲ್ಲ ಪೆಟ್ರೋಲ್‌ನ ಖಾತೆಗೆ ಜಮಾ ಆಗಿತ್ತು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಹಲವು ಬಾರಿ ಫೇಸಿಂಗ್ ಮಾಡಿಸಿ, ಅಂದರೆ ತಳ ಉಜ್ಜಿ ಸಮ ಮಾಡಿಸಿ, ಕಂಪ್ರೆಶನ್ ಏರಿದ್ದರೆ, ಅಥವಾ ಒಳಗೆ ಕಾರ್ಬನ್ ದಪ್ಪಗೆ ಕಟ್ಟಿ ಸಂಡೂರಿನ ಏರಿನಲ್ಲಿ ಕಟಕಟ ಸದ್ದು ಬರುತ್ತಿದ್ದರೆ, ಆಗ ದುಬಾರಿ ಪೆಟ್ರೋಲ್ ಕೆಲಸ ಮಾಡುತ್ತದೆ, ನಿಜ. ಆದರೆ ಆಗಲೂ ಮೊದಲು ಟೈಮಿಂಗ್ ನೋಡಿಸಿ.

ಸೀಸದ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ಸೀಸವಿರುವ ಪೆಟ್ರೋಲ್ ಮಾರಾಟ 2000ದ ಫೆಬ್ರವರಿಯಲ್ಲಿ ನಿಂತಿತು. ನಾಕಿಂಗ್ ತಡೆಯುವುದರ ಜೊತೆಗೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮತ್ತು ಅದು ಕೂರುವ ಸೀಟಿನ ನಡುವೆ ತೆಳ್ಳನೆಯ ಪದರವಾಗಿ ಕೂತು ಸೀಟು ಸವೆಯದಂತೆ ಕಾಯುವುದೂ ಸೀಸದ ಕೆಲಸವಾಗಿತ್ತು. ಅಂಬಾಸಿಡರಿನ ಹೆಡ್ ಎರಕದ ಕಬ್ಬಿಣದ್ದು, ಸೀಟನ್ನು ಅದರಲ್ಲೇ ಕೊರೆದಿರುತ್ತಾರೆ. ಆದ್ದರಿಂದ ಸವೆತದ ಭಯ ಪೂರ್ತಿ ಸುಳ್ಳಲ್ಲ. ಪದ್ಮಿನಿ ಕಾರಿನವರು ನಿಶ್ಚಿಂತೆಯಿಂದಿರಬಹುದು, ಅದರ ಅಲ್ಯೂಮಿನಿಯಂ ಹೆಡ್ಡಿಗೆ ಸೀಟನ್ನು ಬೇರೆಯಾಗಿಯೇ ಕೂರಿಸಿರುತ್ತಾರೆ. ಆದರೆ ಈ ಸವೆತ ಬರುವುದು ಗಂಟೆಗಟ್ಟಲೆ ಆಕ್ಸಿಲೇಟರ್ ಒತ್ತಿಹಿಡಿದು ಓಡಿಸುವವರಿಗೆ. ಭಾನುವಾರ ಐವತ್ತರ ವೇಗದಲ್ಲಿ ಹೋಗಿಬರುವ ನಿಮಗೆ ಮುಂದಿನ ಸಲ ಹೆಡ್ ಬಿಚ್ಚಿದಾಗ ಎಕ್ಸಾಸ್ಟಿನ ಕಡೆ ಗಟ್ಟಿ ಸೀಟುಗಳನ್ನು ಹಾಕಿಸಿದರೆ ಸಾಕು. ಟ್ಯಾಪೆಟ್ ಗ್ಯಾಪ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಸೀಟು ಸವೆಯುತ್ತಿದೆ ಎಂದು ತಿಳಿಯಿರಿ. ಅಲ್ಲಿಯವರೆಗೆ ಚಿಂತೆ ಬೇಡ.

2ಟಿ ಆಯಿಲ್ ಸೀಸದ ಕೆಲಸವನ್ನು ಮಾಡುವುದಿಲ್ಲ. ಅದು ಆಕ್ಟೇನ್ ಇಳಿಸುತ್ತದೆ, ಪ್ಲಗ್ಗಿಗೆ ಮಸಿ ಹಿಡಿಸುತ್ತದೆ, ಹಿಂದೆ ಬರುವವರಿಗೆ ಹೊಗೆ ಕುಡಿಸುತ್ತದೆ. ಸೀಸಕ್ಕೆ ಬದಲಿಯೆಂದು ಬಾಟಲಿಯಲ್ಲಿ ಮಾರುವ ದ್ರವಗಳು ಬೇರೆ, ಅವುಗಳಲ್ಲಿ ಮ್ಯಾಂಗನೀಸ್, ಪೊಟ್ಯಾಶಿಯಂ ಮೊದಲಾದವು ಇರುತ್ತವೆ. ಹಾಕಲೇಬೇಕೆಂಬ ಹಟವಿದ್ದರೆ ಒಂದೇ ಬಗೆಯದನ್ನು ಹಾಕಿ, ಎರಡನ್ನು ಬೆರೆಸಬೇಡಿ. ಟ್ಯಾಂಕಿಗೆ ಡಾಂಬರು ಗುಳಿಗೆ ಹಾಕುವ ಬಗ್ಗೆ ಕೇಳುವವರಿಗೆ ನಾನು ಉತ್ತರಿಸುವುದನ್ನು ನಿಲ್ಲಿಸಿದ್ದೇನೆ.

ನಿಜವಾಗಿ ಹೆದರಬೇಕಾದದ್ದು ಎಥನಾಲ್‌ಗೆ, ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನಿಮ್ಮ ಕಾರಿನ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ಕಾರ್ಕ್ ಇವೆಲ್ಲ ಎಥನಾಲನ್ನು ಕಂಡು ಹುಟ್ಟಿದವಲ್ಲ. ನಾನು ಹಳೆಯ ಪೈಪಿನ ಒಂದು ತುಂಡನ್ನೂ ವೈಟಾನ್ ಎಂಬ ಎಥನಾಲ್ ತಾಳುವ ರಬ್ಬರಿನ ಒಳಪದರದ ಹೊಸ ಪೈಪಿನ ಒಂದು ತುಂಡನ್ನೂ ಉಪ್ಪಿನಕಾಯಿ ಬಾಟಲಿಯಲ್ಲಿ ಬಂಕಿನ ಪೆಟ್ರೋಲ್ ಹಾಕಿ ಮುಳುಗಿಸಿಟ್ಟಿದ್ದೆ. ಎರಡು ತಿಂಗಳ ನಂತರ ತೆಗೆದಾಗ ಹಳೆಯದು ಉಬ್ಬಿ, ಉಗುರಿನಿಂದ ಒತ್ತಿದರೆ ಗುರುತು ಉಳಿಯುವಷ್ಟು ಮೆತ್ತಗಾಗಿತ್ತು, ಬೆರಳಿಗೆ ಕಪ್ಪು ಹತ್ತಿತು; ಹೊಸದು ಹಾಕಿದಾಗ ಹೇಗಿತ್ತೋ ಹಾಗೆಯೇ ಇತ್ತು. ಪೈಪು ಕೊಳ್ಳುವಾಗ ಮೇಲೆ ಎಸ್‌ಎಇ ಜೆ30 ಆರ್9 ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ.

ನಂಬದವರು ಇನ್ನೊಂದು ಪರೀಕ್ಷೆ ಮಾಡಬಹುದು, ಬೆಂಕಿಯಿಂದ ದೂರ, ಬಯಲಿನಲ್ಲಿ. ನೂರು ಮಿಲಿಯ ಅಳತೆಯ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಕುಲುಕಿ ಇಡಿ. ತಳದ ನೀರಿನ ಗೆರೆ 10ರಲ್ಲಿ ನಿಲ್ಲದೆ 25 ದಾಟಿ ಏರಿದರೆ, ಹೆಚ್ಚಾದದ್ದೆಲ್ಲ ಪೆಟ್ರೋಲನ್ನು ಬಿಟ್ಟು ನೀರಿಗೆ ಬಂದ ಎಥನಾಲ್. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ಇದೇ ನಡೆಯುತ್ತದೆ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಾದರೆ ತುಕ್ಕು ತಡೆಯುವ ಅಡಿಟಿವ್ ಒಂದಕ್ಕೆ ಮಾತ್ರ ನನ್ನ ಒಪ್ಪಿಗೆಯಿದೆ. ಎಥನಾಲ್ ಇಲ್ಲದ ಪೆಟ್ರೋಲ್ ಎಲ್ಲಾದರೂ ಸಿಕ್ಕರೆ ಅದನ್ನೂ ಆ ಕಾಲಕ್ಕೇ ಕೊಳ್ಳಿ, ಆಕ್ಟೇನ್‌ಗಾಗಿ ಅಲ್ಲ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕಾಗುವುದರಿಂದ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತುಗಳಾದ ಹಳೆಯ ಜೆಟ್‌ಗಳಲ್ಲಿ ಮಿಶ್ರಣ ತೆಳುವಾಗಿ, ಎಂಜಿನ್ ಎಳೆಯುವಾಗ ಮುಗ್ಗರಿಸಬಹುದು. ಆಗ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿ.

ಬಿಸಿಲಿನ ಮಾತೆತ್ತಿದ್ದೀರಿ, ಅದಕ್ಕೆ ನೀವು ಕೇಳದ ಒಂದು ಉತ್ತರವಿದೆ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಹಳೆಯ ಕಾರು ನಿಂತುಬಿಡುವುದು ಆಕ್ಟೇನ್ ಕಡಿಮೆಯಾದದ್ದಕ್ಕಲ್ಲ, ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುವುದರಿಂದ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನು ತಳ್ಳಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದು ಹಳೆಯ ಡ್ರೈವರುಗಳ ಉಪಾಯ, ಇಂದಿಗೂ ಅದಕ್ಕಿಂತ ಒಳ್ಳೆಯದು ರಸ್ತೆ ಬದಿಯಲ್ಲಿ ಸಿಗುವುದಿಲ್ಲ.

ನನ್ನ ಕಾರು ಒಂದು ಬೇಸಿಗೆಯಲ್ಲಿ ಕುಡತಿನಿಯ ಹತ್ತಿರ ಹೀಗೆ ಮೂರು ಬಾರಿ ನಿಂತಿತು, ಅದಿರಿನ ಲಾರಿಗಳ ಧೂಳು ನುಂಗುತ್ತ ಮೂರು ಬಾರಿಯೂ ಒದ್ದೆ ಬಟ್ಟೆ ಸುತ್ತಿದೆ. ಮನೆಗೆ ಬಂದು ಕಾರ್ಬೊರೇಟರ್ ಬಿಚ್ಚಿದಾಗ, ಅದರ ಕೆಳಗೆ ಶಾಖ ತಡೆಯಲು ಇರಬೇಕಿದ್ದ ಬೆರಳು ದಪ್ಪದ ಬೇಕಲೈಟ್ ತುಂಡೇ ಇರಲಿಲ್ಲ. ಹಿಂದಿನ ಮೆಕ್ಯಾನಿಕ್ ಅದನ್ನು ಬೇಡದ ವಸ್ತುವೆಂದು ತೆಗೆದು, ಕಾಗದದ ಗ್ಯಾಸ್ಕೆಟ್ ಮಾತ್ರ ಕೂರಿಸಿ ಬಿಗಿದಿದ್ದ. ಗುಜರಿಯಲ್ಲಿ ಹುಡುಕಿ, ಸೀಳಿಲ್ಲದ ಒಂದನ್ನು ತಂದು ಹಾಕಿದೆ. ನೀವೂ ನಿಮ್ಮ ಕಾರಿನ ಬಾನೆಟ್ ಎತ್ತಿ, ಆ ಕಂದು ಬಣ್ಣದ ತುಂಡು ಇದೆಯೇ ಎಂದು ಮೊದಲು ನೋಡಿ, ಆಮೇಲೆ ಫೋನ್ ಮಾಡಿ.