ಸ್ಲ್ಯಾಬ್‌ನಲ್ಲಿರುವ ನಾಣ್ಯವನ್ನು ಮತ್ತೆ ಗ್ರೇಡಿಂಗ್‌ಗೆ ಕಳಿಸಬೇಕಾ?

ನನ್ನ ಹತ್ತಿರ 1938ರ ಒಂದು ಬೆಳ್ಳಿ ರೂಪಾಯಿ ಇದೆ. ಆರನೇ ಜಾರ್ಜ್‌ನ ತಲೆ, 11.66 ಗ್ರಾಂ ತೂಕ, ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ. ಗ್ರೇಡಿಂಗ್ ಕಂಪನಿಯವರು ಅದರ ಸ್ಥಿತಿ ನೋಡಿ ಅಂಕಿ, ಅಂದರೆ ಗ್ರೇಡ್ ಕೊಟ್ಟು, ಸ್ಲ್ಯಾಬ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ್ದಾರೆ. ಅದರ ಚೀಟಿಯಲ್ಲಿ ಎಯು 58, ಅಂದರೆ ತುಸು ಬಳಸಿದ್ದು, ಅಂತ ಬರೆದಿದೆ. ವಿರಾಜಪೇಟೆಯ ಗೆಳೆಯನೊಬ್ಬ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ, "ಅಣ್ಣ, ಇದು ಎಂಎಸ್ ಅಲ್ವಾ? ಮೋಸ ಆಗಿದೆ, ವಾಪಸ್ ಕಳಿಸಿ" ಅಂದ. ಎಂಎಸ್ ಅಂದರೆ ಅದಕ್ಕಿಂತ ಮೇಲಿನ ಗ್ರೇಡ್. ಅವನ ಮಾತು ಕೇಳಿ ನನಗೂ ಆಸೆ ಬಂತು. ಕಳಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡಲು ನಾನು ಓದಿದ್ದು, ನೋಡಿದ್ದು, ಲೆಕ್ಕ ಹಾಕಿದ್ದು ಎಲ್ಲಾ ಇಲ್ಲಿದೆ. ನನ್ನ ಜೊತೆ ಕಲಿಯುತ್ತಿರುವವರಿಗೆ ಉಪಯೋಗ ಆಗಲಿ.

ಮೊದಲು ಅಂಕಿಗಳ ವಿಷಯ. 1ರಿಂದ 70ರವರೆಗಿನ ಈ ಅಳತೆಯನ್ನು ನಾಣ್ಯ ತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ್ದು. 1986ರಲ್ಲಿ ಕೆಲಸ ಶುರು ಮಾಡಿದ ಪಿಸಿಜಿಎಸ್, 1987ರಲ್ಲಿ ಬಂದ ಎನ್‌ಜಿಸಿ ಅನ್ನುವ ಗ್ರೇಡಿಂಗ್ ಕಂಪನಿಗಳು ಅದನ್ನೇ ಎಲ್ಲಾ ನಾಣ್ಯಗಳಿಗೂ ಬಳಸಿದವು. 60ರಿಂದ ಮೇಲೆ ಎಂಎಸ್, ಅಂದರೆ ಸವೆತವೇ ಇಲ್ಲದ ನಾಣ್ಯ. 50, 53, 55, 58 ಎಯು, ಅಂದರೆ ತುಸು ಕೈ ಬಳಕೆ ಆಗಿದೆ. ಒಳ್ಳೆಯ 58, ಗೀರು ತುಂಬಿದ 60ಕ್ಕಿಂತ ಕಣ್ಣಿಗೆ ಚೆಂದ ಕಾಣುವುದು ಸಾಮಾನ್ಯ. ಗೆಳೆಯ ಎಡವಿದ್ದೂ ಅಲ್ಲೇ. ಚೆಂದ ಬೇರೆ, ಸವೆತ ಬೇರೆ.

ಗ್ರೇಡ್ ಕೊಡುವವರು ಮನುಷ್ಯರು, ಅವರು ಕಣ್ಣಲ್ಲೇ ಅಳೆಯುತ್ತಾರೆ. ಅದೇ ನಾಣ್ಯ ಇನ್ನೊಂದು ದಿನ ಒಂದು ಮೆಟ್ಟಿಲು ಮೇಲೋ ಕೆಳಗೋ ಹೋಗಬಹುದು. ಕಾಫಿ ಮಾರುವ ನಮಗೆ ಇದೇನೂ ಹೊಸದಲ್ಲ. 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯ ಓಟಿ, ಅಂದರೆ ಅದರಲ್ಲಿ ಸಿಗುವ ಬೀಜದ ಕೆಜಿ, ಒಬ್ಬ ವ್ಯಾಪಾರಿಯ ಹತ್ತಿರ 26 ಬಂದದ್ದು ಇನ್ನೊಬ್ಬರ ಹತ್ತಿರ 27 ಬರುತ್ತದೆ. ಆದರೆ ಜೊಳ್ಳು ಕಾಯಿಯ ಮೂಟೆ ಯಾರ ಹತ್ತಿರ ಒಯ್ದರೂ 27 ಆಗುವುದಿಲ್ಲ. ಹಾಗಾಗಿ ಗ್ರೇಡ್ ತಪ್ಪಾ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಈಗ ಸಿಕ್ಕಿರುವ ಗ್ರೇಡಿನ ತುದಿಯಲ್ಲಿ ನನ್ನ ನಾಣ್ಯ ನಿಂತಿದೆಯಾ ಅಂತ ನೋಡಬೇಕು. ತುದಿಯಲ್ಲಿದ್ದರೆ ಮಾತ್ರ ಮುಂದಿನ ಮಾತು.

ನೋಡುವ ಬಗೆ

ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಅದರ ಬೆಳಕು ಎಲ್ಲಾ ಕಡೆಯಿಂದ ಬಿದ್ದು ಸವೆತವನ್ನು ಮುಚ್ಚಿಬಿಡುತ್ತದೆ. ಕೋಣೆ ಕತ್ತಲು ಮಾಡಿ, ಒಂದೇ ಒಂದು ಟೇಬಲ್ ಲ್ಯಾಂಪ್ ಹಚ್ಚಿ. ಸ್ಲ್ಯಾಬ್‌ನ ಪ್ಲಾಸ್ಟಿಕ್ ಮೇಲಿನ ಗೀರನ್ನು ನಾಣ್ಯದ ಗೀರು ಅಂದುಕೊಳ್ಳುವುದು ಸುಲಭ, ಅದಕ್ಕೆ ಮೊದಲು ಮೆತ್ತನೆ ಬಟ್ಟೆಯಲ್ಲಿ ಸ್ಲ್ಯಾಬ್ ಒರೆಸಿ. ಆಮೇಲೆ ನಿಧಾನಕ್ಕೆ ಓರೆ ಮಾಡುತ್ತಾ ತಿರುಗಿಸಿ. ಟಂಕಸಾಲೆಯಿಂದ ಬಂದ ಹೊಸ ಹೊಳಪು ಇದ್ದರೆ, ಬೆಳಕಿನ ಪಟ್ಟಿಯೊಂದು ಗಾಡಿ ಚಕ್ರದ ಕಡ್ಡಿಯ ಹಾಗೆ ನಾಣ್ಯದ ಮೇಲೆ ಸುತ್ತುತ್ತದೆ. ಆ ಪಟ್ಟಿ ಎಲ್ಲೂ ಕಡಿಯದೆ ಸುತ್ತಬೇಕು. ಉಬ್ಬಿದ ಜಾಗಕ್ಕೆ ಬಂದಾಗ ಅದು ಮಂಕಾದರೆ ಅಲ್ಲಿ ಲೋಹ ಉಜ್ಜಿಹೋಗಿದೆ ಅಂತ ಅರ್ಥ.

ನನ್ನ ರೂಪಾಯಿಯನ್ನು ಹೀಗೆ ಹಿಡಿದಾಗ ಕಂಡದ್ದು ಇಷ್ಟು. ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ ಬೆಳಕು ಚೆನ್ನಾಗಿ ಓಡಿತು. ಅಕ್ಷರಗಳ ಸುತ್ತ ಹೊಳಪು ಒಂದು ಚೂರೂ ಕುಂದಿಲ್ಲ. ರಾಜನ ಕೆನ್ನೆಗೆ ಬಂದಾಗ ಮಾತ್ರ ಉದ್ದಿನ ಕಾಳಿನಷ್ಟು ಜಾಗ ಬೂದು ಬಣ್ಣಕ್ಕೆ ತಿರುಗಿ, ಎಷ್ಟು ಓರೆ ಮಾಡಿದರೂ ಹೊಳೆಯಲಿಲ್ಲ. ಹುಬ್ಬಿನ ಮೇಲೂ ಅದೇ ಬೂದು, ಸಣ್ಣ ಗೆರೆಯಷ್ಟು.

ಇಲ್ಲಿ ಹುಷಾರಾಗಿರಬೇಕು. ಅಚ್ಚು ಸರಿಯಾಗಿ ಬೀಳದೆ ಚಪ್ಪಟೆಯಾದ ಜಾಗವೂ ಸವೆದಂತೆಯೇ ಕಾಣುತ್ತದೆ. ವ್ಯತ್ಯಾಸ ಬಣ್ಣದಲ್ಲಿದೆ. ಅಚ್ಚು ಬೀಳದ ಕಡೆ ಗೆರೆಗಳಿರುವುದಿಲ್ಲ, ಆದರೆ ಸುತ್ತಲಿನ ಹೊಳಪೇ ಅಲ್ಲೂ ಇರುತ್ತದೆ. ಸವೆದ ಕಡೆ ಹೊಳಪು ಸತ್ತು ಬಣ್ಣವೇ ಬದಲಾಗಿರುತ್ತದೆ. ಮರು ಗ್ರೇಡಿಂಗ್‌ನಲ್ಲಿ 58ರಿಂದ ಎಂಎಸ್‌ಗೆ ಏರುವ ನಾಣ್ಯಗಳಲ್ಲಿ ಈ ಮೊದಲ ಬಗೆಯವು ಇರುತ್ತವೆ. ಕಲಿಯಬೇಕಾದ ವಿದ್ಯೆ ಇದೇ ಅಂತ ನನ್ನ ನಂಬಿಕೆ, ಉಳಿದದ್ದು ಬರೀ ಲೆಕ್ಕ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಚೀಟಿಯನ್ನು ಕಾಗದದಿಂದ ಮುಚ್ಚಿ, ನಿಮ್ಮದೇ ಗ್ರೇಡ್ ಬರೆದಿಡಿ. ವಾರ ಬಿಟ್ಟು ಮತ್ತೆ ಬರೆಯಿರಿ. ಹದಿನೈದು ದಿನ ಬಿಟ್ಟು ಮೂರನೇ ಸಲ. ಆಸೆ ಕಣ್ಣನ್ನು ಮೊದಲ ದಿನ ಎಳೆದಷ್ಟು ಮೂರನೇ ಸಲ ಎಳೆಯುವುದಿಲ್ಲ.

ಹಣದ ಲೆಕ್ಕ

ಈ ಅಂಕಿಗಳು ಉದಾಹರಣೆಗೆ ಮಾತ್ರ. ನಾಣ್ಯಕ್ಕೆ ಈಗಿನ ಗ್ರೇಡಿನಲ್ಲಿ 6,000 ರೂಪಾಯಿ, ಮೇಲಿನ ಗ್ರೇಡಿನಲ್ಲಿ 11,000 ಅಂತ ಇಟ್ಟುಕೊಳ್ಳಿ. ಏರಿದರೆ ಸಿಗುವುದು 5,000. ಗ್ರೇಡಿಂಗ್ ಶುಲ್ಕ, ಹೋಗಿಬರುವ ಖರ್ಚು, ವಿಮೆ, ಏಜೆಂಟ್ ಕಮಿಷನ್ ಸೇರಿ 3,500 ಆಗುತ್ತದೆ ಅನ್ನಿ. ಆಗ ಇಂಥ ಹತ್ತು ನಾಣ್ಯ ಕಳಿಸಿದರೆ ಏಳು ಏರಬೇಕು, ಅದೂ ಬರೀ ಅಸಲು ಹುಟ್ಟಲು. ಹತ್ತರಲ್ಲಿ ಏಳು ಅನ್ನುವಷ್ಟು ಧೈರ್ಯ ನಿಮ್ಮ ಕಣ್ಣಿನ ಮೇಲೆ ಇದೆಯಾ? ಎರಡು ಗ್ರೇಡುಗಳ ನಡುವೆ ಬೆಲೆ ದೊಡ್ಡದಾಗಿ ಹಾರುವ ನಾಣ್ಯಕ್ಕೆ ಮಾತ್ರ ಈ ಲೆಕ್ಕ ಕೂಡುತ್ತದೆ. ಬೆಲೆಯನ್ನು ಯಾರೋ ಕೇಳುವ ದರದಿಂದ ಹಿಡಿಯಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರ ನೋಡಿ.

ಕಳಿಸುವ ದಾರಿಗಳು ಬೇರೆ ಬೇರೆ ಇವೆ. ಸ್ಲ್ಯಾಬ್ ಸಮೇತ ಕಳಿಸಿ, ಗ್ರೇಡ್ ಏರಿದರೆ ಮಾತ್ರ ಬದಲಿಸಿ ಅನ್ನುವ ಸೇವೆ ಇದೆ. ಬೇರೆ ಕಂಪನಿಯ ಸ್ಲ್ಯಾಬ್‌ಗೆ ದಾಟಿಸುವಾಗ, ಇಷ್ಟಕ್ಕಿಂತ ಕಡಿಮೆ ಬಂದರೆ ತೆರೆಯಬೇಡಿ ಅಂತ ಹೇಳಿ ಕಳಿಸಬಹುದು. ಚೀಟಿಯಲ್ಲಿ ಇಸವಿ ತಪ್ಪಿದ್ದರೆ ಅದು ಮರು ಗ್ರೇಡಿಂಗ್ ಅಲ್ಲ, ತಿದ್ದುಪಡಿ. ಕಂಪನಿಗೆ ತಿಳಿಸಿದರೆ ಆಯಿತು.

ಉಳಿದದ್ದು ಸ್ಲ್ಯಾಬ್ ಒಡೆದು ಬಿಡಿ ನಾಣ್ಯವಾಗಿ ಕಳಿಸುವುದು. ಇದನ್ನು ನಾನು ಒಮ್ಮೆ ಮಾಡಿದ್ದೇನೆ. 1944ರ ರೂಪಾಯಿ, ಎಂಎಸ್ 61. ಕಟಿಂಗ್ ಪ್ಲೇಯರ್‌ನಲ್ಲಿ ಅಂಚು ಒತ್ತಿದೆ. ಪ್ಲಾಸ್ಟಿಕ್ ಟಪ್ ಅಂತ ಸೀಳಿ ಅದರ ಚೂರೊಂದು ನಾಣ್ಯದ ಮುಖದ ಮೇಲೆ ಜಾರಿತು. ಕೂದಲೆಳೆಯಷ್ಟು ಗೀರು. ವಾಪಸ್ ಬಂದ ಚೀಟಿಯಲ್ಲಿ ಅಂಕಿಯೇ ಇರಲಿಲ್ಲ, "ಡೀಟೇಲ್ಸ್, ಸ್ಕ್ರ್ಯಾಚ್" ಅಂತಿತ್ತು, ಅಂದರೆ ಗೀರು ಬಿದ್ದು ಹಾಳಾಗಿದೆ, ಅಂಕಿ ಕೊಡುವುದಿಲ್ಲ ಅಂತ. ಒಡೆದ ಕ್ಷಣಕ್ಕೆ ಹಳೆಯ ಗ್ರೇಡೂ ಹೋಗುತ್ತದೆ, ಅದರ ಹಿಂದಿದ್ದ ಕಂಪನಿಯ ಖಾತರಿಯೂ ಹೋಗುತ್ತದೆ. ಆ ನಾಣ್ಯ ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಒಡೆಯಬೇಡಿ. ಒಡೆದವರು ಹಳೇ ಚೀಟಿಯನ್ನು ಕಂಪನಿಗೆ ವಾಪಸ್ ಕಳಿಸದಿದ್ದರೆ ಇನ್ನೊಂದು ತೊಂದರೆಯೂ ಇದೆ. ಒಂದೇ ನಾಣ್ಯ ಅವರ ಎಣಿಕೆಯಲ್ಲಿ ಎರಡು ಸಲ ಉಳಿದು, ಆ ಗ್ರೇಡಿನ ನಾಣ್ಯಗಳು ಇರುವುದಕ್ಕಿಂತ ಜಾಸ್ತಿ ಇರುವಂತೆ ಕಾಣುತ್ತವೆ.

ಮನೆಯ ಪೆಟ್ಟಿಗೆಯ ನಾಣ್ಯಗಳು

ಕೊಡಗು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಗೆ ಹೋದದ್ದು 1834ರಲ್ಲಿ. ಮರುವರ್ಷವೇ, 1835ರಲ್ಲಿ, ನಾಲ್ಕನೇ ವಿಲಿಯಂನ ತಲೆಯಿರುವ ರೂಪಾಯಿ ಬಂತು. ಹಳೇ ಮನೆಗಳಲ್ಲಿ ಇಂಥವು ಸಿಕ್ಕಾಗ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ತೆಗೆದ ಗುರುತು ಇದ್ದರೆ ಅದು ಡೀಟೇಲ್ಸ್. ಹಬ್ಬಕ್ಕೆ ಬೆಳ್ಳಿ ತೊಳೆಯುವಾಗ ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ನಾಣ್ಯವೂ ಅಷ್ಟೇ. ಒಂದೇ ದಿಕ್ಕಿಗೆ ಸಾಲಾಗಿ ಎದ್ದ ಸಣ್ಣ ಗೀರುಗಳು ಲ್ಯಾಂಪ್ ಕೆಳಗೆ ಎದ್ದು ಕಾಣುತ್ತವೆ. ಇಂಥವನ್ನು ಎಷ್ಟು ಸಲ ಕಳಿಸಿದರೂ ದುಡ್ಡು ದಂಡ. ಮನೆಯ ನೆನಪಾಗಿ ಇಟ್ಟುಕೊಳ್ಳಿ, ಅದರ ಬೆಲೆ ಬೇರೆಯೇ.

ಕಾನೂನು ಕೂಡ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಗ್ರೇಡಿಂಗ್‌ಗೆ ಅಂದರೂ ಇಲ್ಲ. ನಾಣ್ಯ ದೇಶದೊಳಗೇ ಇರುತ್ತದಾ, ಹೊರಗೆ ಹೋಗುತ್ತದಾ ಅಂತ ಏಜೆಂಟ್ ಹತ್ತಿರ ಮೊದಲೇ ಕೇಳಿ.

ಆಮೇಲೆ ನಮ್ಮ ಮಳೆ. ಸ್ಲ್ಯಾಬ್ ಒಳಗೆ ಗಾಳಿ ಹೋಗುವುದೇ ಇಲ್ಲ ಅಂತ ತಿಳಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಬೂಷ್ಟು ಹಿಡಿಯುವ ಅಲಮಾರಿಯಲ್ಲಿ ಬೆಳ್ಳಿಯೂ ಕಪ್ಪಾಗುತ್ತದೆ. ಗ್ರೇಡ್ ಸಿಕ್ಕ ದಿನದ ಫೋಟೋ ಇದ್ದರೆ ಈಗಿನ ನಾಣ್ಯದ ಪಕ್ಕ ಇಟ್ಟು ನೋಡಿ. ಹೊಸ ಮಚ್ಚೆ ಬಂದಿದ್ದರೆ ಕಳಿಸುವ ಯೋಚನೆ ಬಿಡಿ. ಸಿಲಿಕಾ ಜೆಲ್ ಹಾಕಿದ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ನನ್ನ 1938ಕ್ಕೆ ಮೂರು ಸಲ ಗ್ರೇಡ್ ಬರೆದೆ. ಮೊದಲ ದಿನ 61, ಆಮೇಲೆ 58, ಮತ್ತೆ 58. ಆ ಅಂಕಿಗಳನ್ನು ಬರೆದ ಕಾಗದವನ್ನೂ ನಾಣ್ಯದ ಜೊತೆ ಡಬ್ಬಿಗೆ ಹಾಕಿದ್ದೇನೆ. ಮಳೆ ನಿಂತ ಮೇಲೆ ವಿರಾಜಪೇಟೆಯ ಗೆಳೆಯನನ್ನು ಮನೆಗೆ ಕರೆದು, ದೀಪ ಆರಿಸಿ, ಲ್ಯಾಂಪ್ ಹಚ್ಚಿ, ಕೆನ್ನೆಯ ಆ ಬೂದು ಜಾಗ ತೋರಿಸಬೇಕು.